ಇದ್ದದ್ದನ್ನು ತಿಂದವರು

ಹೋದ ಏಪ್ರಿಲ್‌ನಲ್ಲಿ ಊರಿಗೆ ಹೋಗುವಾಗ ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯದ ಕರಡು ಚೀಲದಲ್ಲಿತ್ತು. ಊಟಕ್ಕೂ ನೀತಿಗೂ ಇರುವ ಸಂಬಂಧ ನನ್ನ ಸಂಶೋಧನೆಯ ವಿಷಯ. ಆ ಅಧ್ಯಾಯದಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ವಾಕ್ಯವಿತ್ತು. ಋತುವಿಗೆ ತಕ್ಕಂತೆ ಉಣ್ಣುವ ಹಳ್ಳಿಯ ಮನೆಗಳು ಪ್ರಕೃತಿಯ ಜೊತೆ ಒಂದು ಮೌನ ಒಪ್ಪಂದ ಮಾಡಿಕೊಂಡಿವೆ, ಆ ಒಪ್ಪಂದವನ್ನು ಪಾಲಿಸುವುದೇ ಒಂದು ನೈತಿಕ ಬದುಕು ಎಂದು ಬರೆದಿದ್ದೆ. ಬರೆಯುವಾಗ ಕಣ್ಣ ಮುಂದೆ ಇದ್ದದ್ದು ನಮ್ಮ ಅಡುಗೆಮನೆ.

ನಮ್ಮದು ಮೈಲಾರದ ಸೀಮೆಯ ಒಂದು ಹಳ್ಳಿ. ಹೂವಿನಹಡಗಲಿ ತಾಲ್ಲೂಕು, ತುಂಗಭದ್ರೆಯ ದಂಡೆ. ಬಳ್ಳಾರಿ ಜಿಲ್ಲೆಯಾಗಿದ್ದದ್ದು 2021ರಿಂದ ವಿಜಯನಗರ ಜಿಲ್ಲೆಯಾಗಿದೆ. ಜಿಲ್ಲೆಯ ಹೆಸರು ಬದಲಾದರೂ ಬಿಸಿಲು ಬದಲಾಗಿಲ್ಲ. ಮಧ್ಯಾಹ್ನ ಅವ್ವ ಈಳಿಗೆ ಮಣೆಯ ಮುಂದೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ಪಕ್ಕದಲ್ಲಿ ಕೂತು ಆ ವಾಕ್ಯವನ್ನು ಅವಳ ಭಾಷೆಗೆ ತಂದು ಓದಿ ಹೇಳಿದೆ. ಅವಳು ಕೈ ನಿಲ್ಲಿಸದೆ ಹೇಳಿದಳು: "ಒಪ್ಪಂದ ಎಲ್ಲೀದು ಯವ್ವಾ? ಇದ್ದಿದ್ದನ್ನ ತಿಂದ್ವಿ. ಬ್ಯಾಸಿಗ್ಯಾಗ ಸಂತ್ಯಾಗ ಕೋಸು ಇರ್ತಿರಲಿಲ್ಲ. ಇದ್ರೂ ರೊಕ್ಕ ಇರ್ತಿರಲಿಲ್ಲ. ಇದನ್ನೂ ಬರಿ."

ಅವಳು ಸಿಟ್ಟಿನಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದಳು. ಆದರೆ ನನ್ನ ಅಧ್ಯಾಯದ ತೊಲೆ ಅಲ್ಲಿಗೇ ಮುರಿಯಿತು. ಗತಿಯಿಲ್ಲದೆ ಮಾಡಿದ್ದನ್ನು ಗುಣ ಎಂದು ಕರೆಯಬಹುದೇ? ಬೇರೆ ದಾರಿಯೇ ಇಲ್ಲದವರ ಊಟವನ್ನು, ನೂರು ದಾರಿಗಳಿರುವ ನಾವು ಆದರ್ಶ ಎಂದು ಹೊಗಳಿದರೆ ಅದು ಗೌರವವೋ, ಅವಮಾನವೋ? ಈ ಪ್ರಬಂಧ ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು.

ಮೊದಲು ಆ ಅಡುಗೆಮನೆಯಲ್ಲಿ ಏನಿತ್ತು ಎಂದು ಹೇಳಬೇಕು. ನಮ್ಮ ಬೇಸಿಗೆ ಶುರುವಾಗುವುದು ಅಂಬಲಿಯಿಂದ. ಜೋಳದ ನುಚ್ಚನ್ನು ಕುದಿಸಿ, ರಾತ್ರಿಯಿಡೀ ಗಡಿಗೆಯಲ್ಲಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ, ಉಳ್ಳಾಗಡ್ಡಿ ಕಚ್ಚಿಕೊಂಡು ಕುಡಿಯುವುದು. ಯುಗಾದಿಯ ಬೇವು ನಮ್ಮ ಕಡೆ ಕುಡಿಯುವ ಪದಾರ್ಥ: ಹುಣಸೆರಸ, ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ ತುರಿ, ಮೇಲೆ ಬೇವಿನ ಹೂ. ಅದರಲ್ಲಿ ಬೀಳುವ ಒಂದೊಂದೂ ಆ ತಿಂಗಳಲ್ಲಿ ಮರದಲ್ಲಿ, ಮನೆಯಲ್ಲಿ ಇರುವಂಥದ್ದೇ. ಆಮೇಲೆ ಸವತೆಕಾಯಿ, ಕೆಂಡದಲ್ಲಿ ಸುಟ್ಟ ಬದನೆಕಾಯಿ ಬಜ್ಜಿ, ಕಲ್ಲಂಗಡಿ, ಹುಲ್ಲಿನಲ್ಲಿ ಅಡೆ ಹಾಕಿದ ಮಾವು, ಅದರ ಸೀಕರಣೆ. ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಗಲು ಹರವಿದ ಚವಳಿಕಾಯಿ. ಗಾಳಿಯಲ್ಲಿ ಪಸೆ ಇಲ್ಲದ ಈ ಮೂರು ತಿಂಗಳಲ್ಲಿ ಒಣಗಿಸಿ ಇಟ್ಟುಕೊಂಡರಷ್ಟೇ ಮಳೆಗಾಲಕ್ಕೆ ಏನಾದರೂ ಇರುತ್ತದೆ.

ಇದನ್ನು ಹೀಗೆ ಪಟ್ಟಿ ಮಾಡಿದರೆ ಬಾಯಲ್ಲಿ ನೀರೂರುತ್ತದೆ. ತೊಡಕು ಇರುವುದು ಅಲ್ಲೇ. ಪಟ್ಟಿಯಲ್ಲಿ ಬಿಸಿಲಿಲ್ಲ, ಹೊಗೆಯಿಲ್ಲ. ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ಮುಟ್ಟುವ ಊರಲ್ಲಿ, ತಗಡಿನ ಸೂರಿನ ಕೆಳಗೆ, ಒಲೆಯ ಮುಂದೆ ಸಂಡಿಗೆ ಹಿಟ್ಟು ತಿರುವುತ್ತಾ ಕೂತವರ ಬೆವರಿಲ್ಲ. ಹಿಂದಿನ ವರ್ಷದ ಮಳೆ ಕೈಕೊಟ್ಟು ಸೀಕರಣೆ ಮಾಡದೆ ಹೋದ ಬೇಸಿಗೆಗಳೂ ಇಲ್ಲ. ನಾನು ಹಾಸ್ಟೆಲಿನಲ್ಲಿ ಕೂತು ನೆನಪಿಸಿಕೊಂಡದ್ದು ರುಚಿಯನ್ನು ಮಾತ್ರ. ದುಡಿಮೆಯನ್ನು ನೆನಪಿಟ್ಟುಕೊಂಡವಳು ಅವ್ವ.

ಕನ್ನಡದಲ್ಲಿ ಅಡುಗೆಯ ಬರವಣಿಗೆಗೆ ದೀರ್ಘ ಇತಿಹಾಸವಿದೆ. 1025ರ ಸುಮಾರಿನ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಜಾಗವಿದೆ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಪೂರ್ತಿಯಾಗಿ ಅಡುಗೆಯದೇ ಕಾವ್ಯ. ಬದನೆಕಾಯಿಯ ಹಲವು ಬಗೆಗಳನ್ನೂ ಪಾನಕಗಳನ್ನೂ ಆತ ಷಟ್ಪದಿಯಲ್ಲಿ ಹೇಳುತ್ತಾನೆ. ಓದುವಾಗ ಖುಷಿಯಾಗುತ್ತದೆ. ಆದರೆ ಒಂದೇ ತರಕಾರಿಯನ್ನು ಇಷ್ಟು ಬಗೆಯಲ್ಲಿ ಬೇಯಿಸಲು ತುಪ್ಪ ಬೇಕು, ಸಂಬಾರ ಬೇಕು, ಆಳುಕಾಳು ಬೇಕು. ಬರೆದಿಟ್ಟ ಪಾಕಶಾಸ್ತ್ರ ಹೆಚ್ಚಾಗಿ ಆಯ್ಕೆಯುಳ್ಳವರದು. ಅವ್ವನ ಅಡುಗೆಗೆ ಶಾಸ್ತ್ರವಿರಲಿಲ್ಲ. ಇವತ್ತು ಏನಿದೆ ಎಂಬ ಪ್ರಶ್ನೆಯೊಂದೇ ಇತ್ತು.

ಮೈಲಾರದ ಜಾತ್ರೆಯನ್ನು ನೋಡಿದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಕಾರಣಿಕೋತ್ಸವದಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ, ವರ್ಷದ ಮಳೆ ಬೆಳೆಯ ಬಗ್ಗೆ ಒಂದೇ ಸಾಲಿನ ಕಾರಣಿಕ ನುಡಿಯುತ್ತಾರೆ. ಅದಕ್ಕೆ ಮುಂಚೆ ಅವರದು ಉಪವಾಸ ವ್ರತ. ಬಿಲ್ಲಿನ ಸುತ್ತ ನೆರೆದ ಲಕ್ಷಾಂತರ ಜನರಲ್ಲಿ ಬರಗಾಲದಲ್ಲಿ ಉಪವಾಸ ಬಿದ್ದ ಮನೆತನಗಳ ಮೊಮ್ಮಕ್ಕಳು ಎಷ್ಟೋ ಮಂದಿ. ಹೊಟ್ಟೆಯ ಲೆಕ್ಕದಲ್ಲಿ ಎರಡೂ ಒಂದೇ, ಅನ್ನವಿಲ್ಲ. ಆದರೆ ಗೊರವಯ್ಯನದು ವ್ರತ, ಅವರದು ಹಸಿವು. ನಮ್ಮ ಜನ ಈ ಎರಡಕ್ಕೂ 'ಉಪವಾಸ' ಎಂಬ ಒಂದೇ ಮಾತನ್ನು ಬಳಸುತ್ತಾರೆ. ಉಪವಾಸ ಇರುವುದು ಬೇರೆ, ಉಪವಾಸ ಬೀಳುವುದು ಬೇರೆ ಎಂಬುದೂ ಅವರಿಗೇ ಗೊತ್ತು.

ಅಮರ್ತ್ಯ ಸೇನ್ ತಮ್ಮ 'ಡೆವಲಪ್‌ಮೆಂಟ್ ಆ್ಯಸ್ ಫ್ರೀಡಂ' (1999) ಪುಸ್ತಕದಲ್ಲಿ ಇದನ್ನೇ ಉದಾಹರಣೆಯಾಗಿ ಬಳಸುತ್ತಾರೆ. ಉಳ್ಳವನೊಬ್ಬ ವ್ರತಕ್ಕಾಗಿ ಊಟ ಬಿಟ್ಟಾಗಲೂ ಇಲ್ಲದವನೊಬ್ಬ ಹಸಿದಿದ್ದಾಗಲೂ ಮೈಗೆ ಸಿಗುವ ಪೋಷಣೆ ಒಂದೇ ಆಗಿರಬಹುದು. ಆದರೆ ಮೊದಲನೆಯವನು ಬೇಕೆಂದರೆ ಉಣ್ಣಬಲ್ಲ, ಎರಡನೆಯವನು ಉಣ್ಣಲಾರ. ಬದುಕನ್ನು ಅಳೆಯುವಾಗ ಏನು ನಡೆಯಿತು ಎಂಬುದರ ಜೊತೆಗೆ ಏನೇನು ಸಾಧ್ಯವಿತ್ತು ಎಂಬುದನ್ನೂ ನೋಡಬೇಕು ಎನ್ನುವುದು ಅವರ ವಾದ. ಗಾಂಧಿಯವರ ಆಶ್ರಮದ ವ್ರತಗಳಲ್ಲಿ ಅಸ್ವಾದವೂ ಒಂದು, ನಾಲಿಗೆಯ ರುಚಿಯನ್ನು ಗೆಲ್ಲುವುದು. ಅದು ವ್ರತವಾದದ್ದು ರುಚಿಯಾದದ್ದನ್ನು ತಿನ್ನುವ ಅವಕಾಶ ಅವರಿಗೆ ಇದ್ದದ್ದರಿಂದ. ಬರೀ ಮೆಣಸಿನಕಾಯಿ ಚಟ್ನಿಯಲ್ಲಿ ರೊಟ್ಟಿ ಮುಗಿಸುವ ಕೂಲಿಕಾರನಿಗೆ ಯಾರೂ ಅಸ್ವಾದ ವ್ರತಸ್ಥ ಎನ್ನುವುದಿಲ್ಲ.

ಹಾಗೆ ನೋಡಿದರೆ 'ಸ್ಥಳೀಯ, ಋತುಮಾನದ ಆಹಾರ' ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಭಯಾನಕವಾದ ಒಂದು ಅರ್ಥವೂ ಇದೆ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876–78ರಲ್ಲಿ, ಬಂದ ಬರ ಬಳ್ಳಾರಿ ಜಿಲ್ಲೆಯನ್ನು ಬಹಳ ಕಾಡಿತು. ಜನ ಕಾಡಿನ ಬೇರು, ಸೊಪ್ಪು ಹುಡುಕಿ ತಿಂದರು. ಅವೂ ಸ್ಥಳೀಯವೇ, ಆ ಋತುವಿನವೇ. ದೂರದ ಊರಿನಿಂದ ಧಾನ್ಯ ಬಂದು ಕೈಗೆಟುಕಿದ್ದರೆ ಅವರು ಬದುಕುತ್ತಿದ್ದರು. ನಮ್ಮ ಹಿರಿಯರು ಋತುವಿನ ಮೇಲೆ ಇಷ್ಟೊಂದು ಅವಲಂಬಿತರಾಗದೆ ಇರಲು ಆಸೆಪಟ್ಟದ್ದರಲ್ಲಿ ತಪ್ಪೇನಿದೆ?

ಬೆಳೆಯುವವನ ಕಡೆಯಿಂದಲೂ ಋತು ಅಷ್ಟು ಒಳ್ಳೆಯ ನೆಂಟನಲ್ಲ. ನಮ್ಮ ತಾಲ್ಲೂಕಿನ ಹೆಸರಲ್ಲೇ ಹೂವಿದೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಮೊಗ್ಗು ಬಿರಿಯುವ ಮುಂಚೆ ಬಿಡಿಸಬೇಕು, ಅವತ್ತೇ ಮಾರಬೇಕು. ಅವ್ವ ಎಷ್ಟೋ ವರ್ಷ ನಸುಕಿನಲ್ಲೆದ್ದು ಬೇರೆಯವರ ತೋಟದಲ್ಲಿ ಮೊಗ್ಗು ಬಿಡಿಸಿದವಳು. ಬೇಸಿಗೆಯಲ್ಲಿ ಗಿಡ ತುಂಬಾ ಬಿಟ್ಟಾಗಲೇ ರೇಟು ಬೀಳುತ್ತದೆ. ಟೊಮ್ಯಾಟೊ, ಉಳ್ಳಾಗಡ್ಡಿ, ಕಲ್ಲಂಗಡಿ ಎಲ್ಲದರದ್ದೂ ಇದೇ ಕತೆ. ನಗರದ ಗ್ರಾಹಕ 'ಸೀಸನ್ ಹಣ್ಣು ಅಗ್ಗ' ಎಂದು ಖುಷಿಪಡುವ ವಾರವೇ ಬೆಳೆದವನು ಗಾಡಿ ಬಾಡಿಗೆಯೂ ಹುಟ್ಟದೆ ಹಣ್ಣನ್ನು ಹೊಲದಲ್ಲೇ ಬಿಡುವ ವಾರ. ಶೀತಲಗೃಹ ಇದ್ದಿದ್ದರೆ ಅವನು ಹದಿನೈದು ದಿನ ಕಾಯಬಹುದಿತ್ತು. ಕಾಯುವುದು ಒಳ್ಳೆಯ ಗುಣ ಎಂದು ನಾನು ಬರೆದಿದ್ದೆ. ಕಾಯಲೂ ಅನುಕೂಲ ಬೇಕು.

ಇಲ್ಲಿಗೆ ಬಂದಾಗ ನನ್ನ ವಾಕ್ಯವನ್ನು ಹೊಡೆದುಹಾಕಿ, ಋತುವಿನ ಊಟಕ್ಕೂ ನೀತಿಗೂ ಸಂಬಂಧವೇ ಇಲ್ಲ, ಅದೆಲ್ಲ ಬಡತನದ ಇನ್ನೊಂದು ಹೆಸರು ಎಂದು ಬರೆಯೋಣ ಅನ್ನಿಸಿತು. ಜಾನ್ ಎಲ್ಸ್ಟರ್ ಎಂಬ ನಾರ್ವೆಯ ಚಿಂತಕ 1983ರಲ್ಲಿ 'ಸೋರ್ ಗ್ರೇಪ್ಸ್' ಎಂಬ ಪುಸ್ತಕ ಬರೆದ. ಎಟುಕದ ದ್ರಾಕ್ಷಿ ಹುಳಿ ಎಂದ ನರಿಯ ಕತೆಯಿಂದ ಬಂದ ಹೆಸರು. ಸಿಗದೆ ಇರುವುದನ್ನು ಮನಸ್ಸು ತಾನಾಗಿಯೇ ಬೇಡವೆನ್ನಲು ಕಲಿಯುತ್ತದೆ. ಆಮೇಲೆ ಆ 'ಬೇಡ'ವನ್ನು ತನ್ನ ಸ್ವಂತ ಇಷ್ಟವೆಂದು ತಿಳಿಯುತ್ತದೆ. ಅವ್ವನಿಗೆ ಅಂಬಲಿ ಇಷ್ಟ ಎನ್ನುವಾಗ ಅದು ನಿಜವಾಗಿ ಅವಳ ಇಷ್ಟವೋ, ಬೇರೇನೂ ಇಲ್ಲದ ನಾಲಿಗೆ ಮಾಡಿಕೊಂಡ ಸಮಾಧಾನವೋ? ಅದನ್ನು ಅವಳ ಬಾಯಿಂದ ಕೇಳಿ ತೀರ್ಮಾನಿಸಲಾಗದು. ತಿಳಿಯಲು ಒಂದೇ ದಾರಿ. ಬೇರೆ ದಾರಿ ತೆರೆದಾಗ ಅವಳು ಏನು ಮಾಡುತ್ತಾಳೆ ಎಂದು ನೋಡುವುದು.

ಆ ದಾರಿ ಅದೇ ಬೇಸಿಗೆಯಲ್ಲಿ ತೆರೆಯಿತು. ನನ್ನ ಫೆಲೋಶಿಪ್ಪಿನ ದುಡ್ಡು, ಅವಳ ಹೂವಿನ ದುಡ್ಡು ಸೇರಿಸಿ ಕಂತಿನಲ್ಲಿ ಒಂದು ಫ್ರಿಜ್ ತಂದೆವು. ನಮ್ಮ ಮನೆಯಲ್ಲಿ ಮೊದಲ ಬಾರಿಗೆ 'ನಾಳೆಗೆ ಇಡಬಹುದು' ಎಂಬ ಮಾತು ಬಂತು.

ಅವ್ವ ಏನೇನು ಬಿಟ್ಟಳು ಎಂದು ನಾನು ಗಮನಿಸಿದೆ. ಶಾವಿಗೆ ಮಾಡುವುದನ್ನು ಬಿಟ್ಟಳು. ಅಂಗಡಿಯಿಂದ ಪೊಟ್ಟಣ ತಂದಳು, ಒಂದಿಷ್ಟೂ ದುಃಖವಿಲ್ಲದೆ. ಉಪ್ಪಿನಕಾಯಿಗೆ ಉಪ್ಪು ಕಡಿಮೆ ಮಾಡಿದಳು. ವರ್ಷವಿಡೀ ಕೆಡದಿರಲಿ ಎಂದು ಸುರಿಯುತ್ತಿದ್ದ ಉಪ್ಪು ಅದು, ರುಚಿಗಲ್ಲ. ಚವಳಿಕಾಯಿ ಒಣಗಿಸುವುದನ್ನೂ ಬಿಟ್ಟಳು. ನಮ್ಮ 'ಮರೆಯಾಗುತ್ತಿರುವ ಗ್ರಾಮೀಣ ರುಚಿಗಳು' ಲೇಖನಗಳಲ್ಲಿ ಇವೆಲ್ಲ ಕಣ್ಣೀರಿನ ವಿಷಯಗಳು. ಅವಳಿಗೆ ಅವು ಇಳಿಸಿದ ಹೊರೆ.

ಏನೇನು ಬಿಡಲಿಲ್ಲ ಎಂಬುದನ್ನೂ ನೋಡಿದೆ. ಅಂಬಲಿ ಉಳಿಯಿತು. ಕುಡಿಯಲು ಗಡಿಗೆಯ ನೀರೇ ಬೇಕು, ಫ್ರಿಜ್ಜಿನ ನೀರಿಗೆ ಹಲ್ಲು ಜುಮ್ಮೆನ್ನುತ್ತದಂತೆ. ಹೊಳೆಯ ಕಡೆಯಿಂದ ಬಂದ ಕಲ್ಲಂಗಡಿ ಕೊಯ್ದರೆ, ಅರ್ಧವನ್ನು ಹೋಳು ಮಾಡಿ ಅಕ್ಕಪಕ್ಕದ ಮನೆಗಳಿಗೆ ಕೊಡುವುದು ಹಾಗೇ ಉಳಿಯಿತು. ನಾನೇ ಒಮ್ಮೆ, "ಅವ್ವಾ, ಈಗ ಫ್ರಿಜ್ ಐತಲ್ಲ, ಅರ್ಧ ಇಡೋಣು" ಅಂದೆ. "ಇಟ್ರ ನಾಳೆ ನಾವಿಬ್ರೇ ತಿಂತೀವಿ. ಕೊಟ್ರ ಇವತ್ತು ನಾಕು ಮಂದಿ ತಿಂತಾರ" ಅಂದಳು. ಅದರಲ್ಲಿ ಉಪದೇಶವಿರಲಿಲ್ಲ, ಲೆಕ್ಕ ಹೇಳಿದಂತಿತ್ತು.

ಈ ಚಿಕ್ಕ ಘಟನೆಯಲ್ಲಿ ನನ್ನ ಪ್ರಶ್ನೆಯ ಉತ್ತರದ ಒಂದು ಭಾಗವಿದೆ ಎಂದು ನನಗನ್ನಿಸುತ್ತದೆ. ಮುಂಚೆಯೂ ಅವಳು ಕೊಡುತ್ತಿದ್ದಳು. ಆದರೆ ಆಗ ಕೊಡದಿದ್ದರೆ ಹಣ್ಣು ಹಳಸುತ್ತಿತ್ತು. ಹಳಸುವ ಹಣ್ಣನ್ನು ಕೊಡುವುದರಲ್ಲಿ ನಷ್ಟವಿಲ್ಲ. ಈಗ ಕೊಟ್ಟರೆ ನಾಳೆಯ ತಂಪಾದ ಹೋಳು ಕೈಬಿಡುತ್ತದೆ. ಮಾಡುವ ಕೆಲಸ ಒಂದೇ, ತಟ್ಟೆ ಒಂದೇ, ಗೋಡೆಯ ಮೇಲಿಂದ ಚಾಚುವ ಕೈ ಒಂದೇ. ಆದರೆ ಈಗ ಅದು ಆಯ್ಕೆ. ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎರಡನೆಯ ಭಾಗದಲ್ಲಿ ಮೂರು ಷರತ್ತುಗಳನ್ನು ಹಾಕುತ್ತಾನೆ: ಮಾಡುವುದೇನೆಂದು ತಿಳಿದಿರಬೇಕು, ಅದನ್ನು ಅದಕ್ಕಾಗಿಯೇ ಆರಿಸಿಕೊಂಡಿರಬೇಕು, ಅದು ಸ್ಥಿರವಾದ ಸ್ವಭಾವದಿಂದ ಬಂದಿರಬೇಕು. ಕಲ್ಲಂಗಡಿಯ ಅರ್ಧ ಹೋಳು ಈಗ ಆ ಮೂರನ್ನೂ ದಾಟುತ್ತದೆ.

ಹಾಗಾದರೆ ಫ್ರಿಜ್ ಬರುವ ಮುಂಚಿನ ಇಪ್ಪತ್ತು ಮೂವತ್ತು ವರ್ಷ ವ್ಯರ್ಥವೇ? ಇಲ್ಲ, ಯಾಕೆಂದರೆ ಅರಿಸ್ಟಾಟಲ್ ಅಲ್ಲೇ ಇನ್ನೊಂದು ಮಾತನ್ನೂ ಹೇಳುತ್ತಾನೆ. ನ್ಯಾಯದ ಕೆಲಸ ಮಾಡುತ್ತಾ ಮಾಡುತ್ತಾ ನಾವು ನ್ಯಾಯವಂತರಾಗುತ್ತೇವೆ. ಗುಣ ಹುಟ್ಟಿನಿಂದ ಬರುವುದಿಲ್ಲ, ರೂಢಿಯಿಂದ ಬರುತ್ತದೆ. ಮೈಲಾರದಲ್ಲಿ ಭಕ್ತರು ಗೊರವರ ದೋಣಿ ತುಂಬಿಸುತ್ತಾರೆ. ಬಾಳೆಹಣ್ಣು, ಬೆಲ್ಲ, ಹಾಲು, ತುಪ್ಪ ಒಂದೇ ಮರದ ಪಾತ್ರೆಯಲ್ಲಿ ಕಲೆಯುತ್ತವೆ. ಕಲೆತ ಮೇಲೆ ಯಾರ ಮನೆಯ ಬಾಳೆಹಣ್ಣು ಯಾವುದು ಎಂದು ಹೇಳಲಾಗುವುದಿಲ್ಲ. ಚಿಕ್ಕವರಿದ್ದಾಗ ಅವ್ವನ ಕೈಹಿಡಿದು ಹೋಗಿ, ಅದರ ಅರ್ಥ ತಿಳಿಯದೆಯೇ ಹಣ್ಣು ಹಾಕಿದವರು ನಾವೆಲ್ಲ. ಇಲ್ಲದಿರುವಿಕೆ ಗುಣವಲ್ಲ, ಆದರೆ ಅದು ಕೆಲವರ ಪಾಲಿಗೆ ಗುಣದ ಶಾಲೆಯಾಗಬಹುದು. ಎಲ್ಲರ ಪಾಲಿಗೂ ಅಲ್ಲ. ಅದೇ ಬಡತನದಿಂದ ಬಂದು ಬಾಗಿಲು ಹಾಕಿಕೊಂಡು ತಿನ್ನಲು ಕಲಿತವರೂ ಇದ್ದಾರೆ.

ಅದಕ್ಕೆ ದೂರ ಹೋಗಬೇಕಾಗಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಅವ್ವ ಮನೆಯಲ್ಲಿರಲಿಲ್ಲ. ನಾನೊಬ್ಬಳೇ ಕಲ್ಲಂಗಡಿ ಕೊಯ್ದು, ಒಂದಿಷ್ಟು ತಿಂದು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಅಧ್ಯಾಯ ತಿದ್ದುತ್ತಾ ಕೂತಿದ್ದೆ. ಪಕ್ಕದ ಮನೆಯ ಹುಡುಗಿ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಫ್ರಿಜ್ಜಿನ ಬಾಗಿಲು ತೆರೆದು ಮಜ್ಜಿಗೆ ತೆಗೆದೆ. ಒಳಗೆ ಕೆಂಪಗೆ ಕಲ್ಲಂಗಡಿ ಕೂತಿತ್ತು. ಅವಳು ನೋಡಿದಳು. ಅವಳು ನೋಡಿದ್ದನ್ನು ನಾನೂ ನೋಡಿದೆ. ಬಟ್ಟಲಿಗೆ ಹೆಪ್ಪು ಹಾಕಿಕೊಟ್ಟು ಬಾಗಿಲು ಮುಚ್ಚಿದೆ. ಈಳಿಗೆ ತೊಳೆಯಬೇಕಲ್ಲ, ಅರ್ಧ ಬರೆದ ಪ್ಯಾರಾ ಇದೆಯಲ್ಲ ಎಂದು ಮನಸ್ಸು ಕಾರಣ ಹುಡುಕಿತು. ಸಂಜೆ ಅವ್ವ "ಆಚಿ ಮನೀಗೆ ಕೊಟ್ಟೇನು?" ಎಂದು ಕೇಳಿದಳು. "ನಾಳೆ ಕೊಡ್ತೀನಿ" ಅಂದೆ. ಅವಳು ಏನೂ ಅನ್ನಲಿಲ್ಲ. ಎದ್ದು, ಹೋಳು ಮಾಡಿ, ತಾನೇ ಕೊಟ್ಟು ಬಂದಳು.

ಆ ಹೊತ್ತು ನಾನು ತಿದ್ದುತ್ತಿದ್ದ ಪ್ಯಾರಾ ಹಂಚಿ ತಿನ್ನುವುದರ ನೈತಿಕತೆಯ ಬಗ್ಗೆಯೇ ಇತ್ತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಅದೇ ಮನೆಯಲ್ಲಿ, ಅದೇ ಅಂಬಲಿ ಕುಡಿದು ಬೆಳೆದವಳು ನಾನು. ಕೊರತೆ ನನಗೆ ಕಲಿಸಿದ್ದು ಇಟ್ಟುಕೊಳ್ಳುವುದನ್ನು, ಅವಳಿಗೆ ಕಲಿಸಿದ್ದು ಕೊಡುವುದನ್ನು. ಹಾಗಾಗಿ ಋತುವಿನ ಬದುಕು ತಾನಾಗಿಯೇ ನೈತಿಕ ಬದುಕು ಎನ್ನುವ ನನ್ನ ವಾಕ್ಯಕ್ಕೆ ಎದುರು ಸಾಕ್ಷಿ ನಾನೇ ಆದೆ.

ರಜೆ ಮುಗಿಯುವ ಮುಂಚೆ ಅವ್ವನಿಗಾಗಿ ಒಂದು ಕೇಕು ಮಾಡಿದೆ. ಹಡಗಲಿಯ ಬೇಕರಿಯ ಕೇಕು ತಿಂದಿದ್ದಳು, ಮನೆಯಲ್ಲಿ ಮಾಡಿದ್ದನ್ನು ನೋಡಿರಲಿಲ್ಲ. ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಮುಚ್ಚಳದ ರಬ್ಬರು, ಸೀಟಿ ತೆಗೆದು, ರವೆ, ಮೊಸರು, ಬೆಲ್ಲ, ಮಾವಿನ ಹಣ್ಣಿನ ತಿರುಳು ಕಲಸಿದ ಡಬರಿಯನ್ನು ಒಳಗಿಟ್ಟೆ. ಮುಕ್ಕಾಲು ಗಂಟೆ ಸಣ್ಣ ಉರಿ. ಹೊರಗಿನ ಬಿಸಿಲು ಸಾಲದೆಂಬಂತೆ ಅಡುಗೆಮನೆ ಹಂಚಿನಂತೆ ಕಾದಿತ್ತು. ಹತ್ತು ನಿಮಿಷಕ್ಕೇ ನಾನು ಎದ್ದು ಬಾಗಿಲಿಗೆ ಬಂದೆ. ಅವ್ವ ಕಟ್ಟೆಯ ಮೇಲೆ ಕೂತು, "ಸಾಕಾತೇನು? ಸಂಡಗಿ ಹಿಟ್ಟು ಅಂದ್ರ ಎರಡು ತಾಸು" ಅಂದಳು. ಒಂದು ಮಗ್ಗುಲು ಕರಿದಾಗಿದ್ದ ಆ ಕೇಕನ್ನು ಅವಳು ಐದು ಮನೆಗೆ ಆಗುವಷ್ಟು ತುಂಡು ಮಾಡಿದಳು. ಮೊದಲ ತುಂಡನ್ನು ಪಕ್ಕದ ಮನೆಯ ಹುಡುಗಿಗೆ ನಾನೇ ಕೊಟ್ಟು ಬಂದೆ. ಕಲ್ಲಂಗಡಿಯ ಬಾಕಿ ಅದರಿಂದ ತೀರಿತು ಎಂದು ನನಗನ್ನಿಸಲಿಲ್ಲ.

ಅಧ್ಯಾಯದ ಆ ವಾಕ್ಯವನ್ನು ತೆಗೆದುಹಾಕಿದ್ದೇನೆ. ಅದರ ಜಾಗದಲ್ಲಿ ಎರಡು ಮಾತು ಬರೆದಿದ್ದೇನೆ. ಮೊದಲನೆಯದು, ಯಾರದೇ ಊಟವನ್ನು ಆದರ್ಶವೆಂದು ಹೊಗಳುವ ಮುಂಚೆ, ಅವರು ಬೇರೆ ರೀತಿ ಉಣ್ಣಲು ಸಾಧ್ಯವಿತ್ತೇ, ಆ ಊಟಕ್ಕಾಗಿ ಒಲೆಯ ಮುಂದೆ ಕೂತವರು ಯಾರು ಎಂದು ಕೇಳಬೇಕು. ಎರಡನೆಯದು, ಋತುವನ್ನು ಗೌರವಿಸುವ ಹೊಣೆ ಏನಾದರೂ ಇದ್ದರೆ ಅದು ಮೊದಲು ಬೀಳುವುದು ಆಯ್ಕೆಯುಳ್ಳವರ ಮೇಲೆ. ಫೆಬ್ರವರಿಯಲ್ಲೇ ಹಣ್ಣಾದ ಮಾವು ಬೇಕೆನ್ನುವ ಆತುರವೇ ಕಾಯಿಗೆ ಕಾರ್ಬೈಡ್ ಹಾಕಿಸುತ್ತದೆ. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದಕ್ಕೆ ದೇಶದಲ್ಲಿ ನಿಷೇಧವಿದೆ, ಆತುರಕ್ಕೆ ನಿಷೇಧವಿಲ್ಲ. ಎರಡು ತಿಂಗಳು ಕಾಯಬಲ್ಲವನು ಕಾಯಲಿ, ಸುಗ್ಗಿಯಲ್ಲಿ ರೇಟು ಬಿದ್ದಾಗ ಚೌಕಾಸಿ ಮಾಡದೆ ಕೊಳ್ಳಲಿ. ಅದು ಅವನಿಗೆ ಗುಣವಾಗುತ್ತದೆ. ಅವ್ವನಿಗೆ ಅದನ್ನು ಕಲಿಸಲು ಹೋಗುವುದು ಬೇಡ.

ಒಂದು ಪ್ರಶ್ನೆ ಮಾತ್ರ ಉಳಿದಿದೆ. ಫ್ರಿಜ್ ಬಂದ ಮೇಲೆ ಅವ್ವ ಕಲ್ಲಂಗಡಿ ಹಂಚುವುದನ್ನೂ ಬಿಟ್ಟಿದ್ದರೆ? ಶಾವಿಗೆ ಬಿಟ್ಟಷ್ಟೇ ಸುಲಭವಾಗಿ ಅದನ್ನೂ ಬಿಟ್ಟು, ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಇಡೀ ಹಣ್ಣನ್ನು ತಾನೇ ಇಟ್ಟುಕೊಂಡು ಮೂರು ದಿನ ತಂಪಾಗಿ ತಿಂದಿದ್ದರೆ, ನಾನು ಅವಳನ್ನು ಕಡಿಮೆ ಎಣಿಸುತ್ತಿದ್ದೆನೇ? ಎಣಿಸುವ ಹಕ್ಕು ನನಗಿಲ್ಲ ಎಂದಷ್ಟೇ ಹೇಳಬಲ್ಲೆ. ಇಷ್ಟು ವರ್ಷ ಅವಳು ಹಂಚಿದ ಹಣ್ಣಿನಲ್ಲಿ ದೊಡ್ಡ ಪಾಲು ತಿಂದವಳು ನಾನು.